ಗೋಬರ್ ಗ್ಯಾಸಿಗೂ ಇದ್ದಿಲಿನ ವಯಸ್ಸಿಗೂ ಎಂಥ ಸಂಬಂಧ?

ಪ್ರಶ್ನೆ: ಸರ್, ಶಿರಸಿ ಹತ್ರ ನಮ್ಮ ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವಾಗ ಆಳದಲ್ಲಿ ಇದ್ದಿಲು, ಮಡಕೆ ಚೂರು ಸಿಕ್ತು. ಕಾರ್ಬನ್ ಡೇಟಿಂಗ್ ಮಾಡಿಸಿದ್ರೆ ವಯಸ್ಸು ಗೊತ್ತಾಗ್ತದಂತೆ. ಈ ಲ್ಯಾಬ್‌ಗಳು ಶುರುವಾಗಿದ್ದು ಹೇಗೆ, ನಂಬಬಹುದಾ?

ಉತ್ತರ: ಮೊದ್ಲು ಆ ಇದ್ದಿಲನ್ನ ಹತ್ತಿಲಿ, ಪೇಪರಲ್ಲಿ ಸುತ್ತಿಡಬೇಡಿ ಮಾರಾಯ್ರೇ, ಅವೂ ಗಿಡದ್ದೇ, ಹೊಸ ಕಾರ್ಬನ್ ಸೇರ್ಕೊಳ್ತದೆ. ಅಲ್ಯೂಮಿನಿಯಂ ಫಾಯಿಲ್ ಸಾಕು, ಎಷ್ಟು ಆಳದಲ್ಲಿ ಸಿಕ್ತು ಅಂತ ಬರೆದಿಡಿ.

ಈಗ ನಿಮ್ಮ ಅಡುಗೆಮನೆಗೆ ಬನ್ನಿ. ಗೋಬರ್ ಗ್ಯಾಸೂ ಸಿಲಿಂಡರೂ ಎರಡೂ ನೀಲಿಯಾಗೇ ಉರೀತವೆ, ಆದ್ರೆ ಗೋಬರ್ ಗ್ಯಾಸಿನ ಕಾರ್ಬನ್ ಮೊನ್ನೆ ದನ ತಿಂದ ಹುಲ್ಲಿಂದು, ಅದ್ರಲ್ಲಿ ಕಾರ್ಬನ್-14 ಇದೆ, ಅಂದ್ರೆ ಜೀವ ಹೋದ್ಮೇಲೆ ನಿಧಾನಕ್ಕೆ ತಾನಾಗೇ ಕಡಿಮೆಯಾಗ್ತಾ ಹೋಗೋ ಒಂದು ಜಾತಿ ಕಾರ್ಬನ್. ಸಿಲಿಂಡರಿಂದು ಕೋಟ್ಯಂತರ ವರ್ಷ ಹಳೇದು, ಅದ್ರಲ್ಲಿ ಅದೆಲ್ಲಾ ಕರಗಿ ಹೋಗಿದೆ. ಎಷ್ಟು ಉಳಿದಿದೆ ಅಂತ ಎಣಿಸಿದ್ರೆ ವಯಸ್ಸು ಸಿಗ್ತದೆ. 1947ರಲ್ಲಿ ಷಿಕಾಗೋದ ರಸಾಯನ ವಿಜ್ಞಾನಿ ವಿಲ್ಲರ್ಡ್ ಲಿಬ್ಬಿ ತಂಡ ತೋರಿಸಿದ್ದೂ ಇದನ್ನೇ, ಬಾಲ್ಟಿಮೋರ್ ಊರಿನ ಚರಂಡಿ ಗ್ಯಾಸನ್ನ ಪೆಟ್ರೋಲಿಯಂ ಗ್ಯಾಸಿನ ಜೊತೆ ಹೋಲಿಸಿ. ಇಷ್ಟು ದೊಡ್ಡ ವಿದ್ಯೆ ಶುರುವಾಗಿದ್ದು ಹೇಸಿಗೆ ನೀರಿಂದ, ನನಗಂತೂ ಖುಷಿ.

ಕಷ್ಟ ಇದ್ದಿದ್ದು ಎಣಿಸೋದ್ರಲ್ಲಿ. ಕಾರ್ಬನ್-14ರ ಒಂದೊಂದು ಕಣ ಒಡೆದಾಗಲೂ ಒಂದು ಮಿಡಿತ, ತಾಜಾ ಕಾರ್ಬನ್ 1 ಗ್ರಾಂ ನಿಮಿಷಕ್ಕೆ ಬರೀ 14 ಸಲದ ಹತ್ರ ಮಿಡಿತದೆ, ಆದ್ರೆ ಆಕಾಶದಿಂದ ಬರೋ ಕಿರಣಗಳ ಗದ್ದಲ ನೂರಾರು, ಮಾರಿಕಾಂಬಾ ಜಾತ್ರೆ ಮಧ್ಯೆ ಕೈಗಡಿಯಾರದ ಟಿಕ್‌ಟಿಕ್ ಕೇಳೋಕೆ ಹೋದ ಹಾಗೆ. ಅದಕ್ಕೆ ಅವ್ರು ಸ್ಯಾಂಪಲ್ ಸುಟ್ಟು ಮಸಿ ಮಾಡಿ ಮಿಡಿತ ಎಣಿಸೋ ಕೌಂಟರಿನ ಒಳಗೋಡೆಗೆ ಬಳಿದ್ರು, ಸುತ್ತ 8 ಇಂಚು ಕಬ್ಬಿಣ ಇಟ್ರು, ಮಧ್ಯೆ ಇನ್ನೊಂದು ಸುತ್ತು ಗೈಗರ್ ಟ್ಯೂಬು, ಅಂದ್ರೆ ಕಿರಣ ತಾಗಿದ್ರೆ ಟಿಕ್ ಅನ್ನೋ ಕೊಳವೆ. ಹೊರಗಿಂದೂ ಒಳಗಿಂದೂ ಒಟ್ಟಿಗೆ ಟಿಕ್ ಅಂದ್ರೆ ಅದು ಹೊರಗಿನವನ ಹಾವಳಿ, ಲೆಕ್ಕಕ್ಕಿಲ್ಲ!

ಮೊದಲ ಸ್ಯಾಂಪಲ್, ಸಿ-1, ಈಜಿಪ್ಟಿನ ಜೋಸೆರ್ ರಾಜನ ಸಮಾಧಿ ಮರದ್ದು. ವಯಸ್ಸು 4600 ಚಿಲ್ಲರೆ ಇರ್ಬೇಕಿತ್ತು, ಬಂದಿದ್ದು 4000ದ ಹತ್ರ, ಮೇಲೆ ಕೆಳಗೆ 350 ವರ್ಷ. 1949ರಲ್ಲಿ ಸೈನ್ಸ್ ಪತ್ರಿಕೇಲಿ ಅದನ್ನೂ ಮುಚ್ಚಿಡದೆ ಹಾಕಿದ್ರು, 1960ರಲ್ಲಿ ಲಿಬ್ಬಿಗೆ ನೊಬೆಲೂ ಬಂತು. ಆಮೇಲೆ ಮಸಿಗೆ ಅಣುಬಾಂಬ್ ಪರೀಕ್ಷೆಯ ಧೂಳು ಅಂಟಿ ಲೆಕ್ಕ ಕೆಟ್ಟು, ಲ್ಯಾಬ್‌ಗಳೆಲ್ಲ ಮಸಿ ಬಿಟ್ಟು ಸ್ಯಾಂಪಲನ್ನ ಗ್ಯಾಸ್ ಮಾಡಿ ಎಣಿಸೋಕೆ ಹೋದ್ವು. ನಮ್ಮಲ್ಲಿ 1960ರ ದಶಕದ ಶುರುವಿಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಲಿ ಲ್ಯಾಬ್ ಬಂತು, ಪುರಾತತ್ವ ವಿಜ್ಞಾನಿ ಡಿ.ಪಿ. ಅಗ್ರವಾಲ್ ಅಲ್ಲೇ ಹರಪ್ಪಾ ಕಾಲ ಎಣಿಸಿದ್ದು, ಮುಂದೆ ಅದು ಅಹಮದಾಬಾದಿಗೆ ಹೋಯ್ತು.

ನಂಬಬಹುದಾ ಅಂದ್ರೆ ಹೌದು, ಆದ್ರೆ ಸಿಗೋದು ಆ ಮರ ಬೆಳೆದ ಕಾಲ, ಒಲೆಗೆ ಬಿದ್ದ ದಿನ ಅಲ್ಲ. ದಪ್ಪ ಮರದ ತಿರುಳಾದ್ರೆ ನೂರಿನ್ನೂರು ವರ್ಷ ಹೆಚ್ಚು ಹಳೇದು ಅಂತ ತೋರಿಸ್ತದೆ, ತೆಳು ಕಡ್ಡಿ ಇದ್ದಿಲಿದ್ರೆ ಅದನ್ನೇ ಆರಿಸಿ, ಮಡಕೆ ಚೂರು ಮೊದ್ಲು ಪುರಾತತ್ವ ಇಲಾಖೆಯವ್ರಿಗೆ ತೋರಿಸಿ.