ರ ಗ ಸ ದ ಅ, ಮತ್ತು ಕದ್ದು ಹೇಳಿಕೊಟ್ಟ ಅ ಆ ಇ ಈ

ತಿಪಟೂರಿನ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಾರ ಇಷ್ಟು. ಮಗಳು ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು, ಅಲ್ಲಿ ಪಾಠ ನಲಿ-ಕಲಿ ಪದ್ಧತಿಯಲ್ಲಿ, ಅಂದರೆ ಕಾರ್ಡು, ಹಾಡು, ಚಟುವಟಿಕೆಗಳಿಂದ. ಅಕ್ಷರ ಶುರುವಾಗುವುದು ಅ ಆ ಇ ಈಯಿಂದ ಅಲ್ಲ, ರ ಗ ಸ ದ ಅದಿಂದ. ಊರಿಂದ ಬಂದ ಮಾವನವರು ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು "ಎಲ್ಲಿ, ಅ ಆ ಇ ಈ ಹೇಳು ನೋಡೋಣ" ಎಂದಾಗ ಮಗು "ರ ಗ ಸ ದ ಅ" ಎಂದು ಶುರು ಮಾಡಿತಂತೆ. ಮಾವನವರಿಗೆ ಸಿಟ್ಟು ಬಂತು. "ಹಳೆಯದರಲ್ಲಿ ಅರ್ಧ, ಹೊಸದರಲ್ಲಿ ಅರ್ಧ ಬೆರೆಸಿ ಪಠ್ಯಕ್ರಮ ಮಾಡಿ ಅಂತ ನೀವಾದರೂ ಸರ್ಕಾರಕ್ಕೆ ಬರೆಯಬಾರದಾ? ನಾನು ಮನೆಯಲ್ಲಿ ಅ ಆ ಇ ಈ ಹೇಳಿಕೊಡಲಾ, ಬೇಡ್ವಾ?" ಎಂದು ಈ ಓದುಗರು ಕೇಳಿದ್ದಾರೆ. ಕೊನೆಯಲ್ಲಿ, ಮುಂದಿನ ಜೂನ್‌ಗೆ ಮಗುವನ್ನು ಕಾನ್ವೆಂಟಿಗೆ ಹಾಕುವ ಯೋಚನೆ ಇದೆ ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿದ್ದಾರೆ.

ಅಮ್ಮಾ, ನಿಮ್ಮ ಮಾವನವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನೂ ಬಾಯಿಪಾಠದ ಮನುಷ್ಯನೇ. ನಮ್ಮ ಪ್ರೆಸ್ಸಿನಲ್ಲಿ ಒಂದು ಫಾರಂ ಅಂದರೆ ಹದಿನಾರು ಪುಟ. ಎಷ್ಟು ಫಾರಂ, ಎಷ್ಟು ಪುಟ ಎಂದು ಯಾರಾದರೂ ಕೇಳಿದರೆ ಹುಡುಗರು ಮೊಬೈಲ್ ತೆಗೆಯುವಷ್ಟರಲ್ಲಿ ನನ್ನ ಬಾಯಲ್ಲಿ ಉತ್ತರ ಇರುತ್ತದೆ. ಹದಿನಾರರ ಮಗ್ಗಿ ತಪ್ಪಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ತಿಂದ ಏಟಿನ ಫಲ ಅದು. ಅಮೆರಿಕದಲ್ಲಿ 1968ರಿಂದ 1977ರವರೆಗೆ ಫಾಲೋ ಥ್ರೂ ಎಂಬ ದೊಡ್ಡ ಪ್ರಯೋಗ ನಡೆಯಿತು. ಬಡ ಮಕ್ಕಳ ಶಾಲೆಗಳಲ್ಲಿ ಬೇರೆ ಬೇರೆ ಕಲಿಸುವ ವಿಧಾನಗಳನ್ನು ಹಾಕಿ ಹೋಲಿಸಿದರು. ಮುಂದೆ ಬಂದದ್ದು ಟೀಚರು ಹೇಳಿ, ಮಕ್ಕಳು ಒಟ್ಟಿಗೆ ತಿರುಗಿ ಹೇಳಿ, ತಪ್ಪಿದಲ್ಲೇ ತಿದ್ದುವ ನೇರ ಪಾಠ. ಹಾಗಾಗಿ ಹಳೆಯ ಮೇಷ್ಟ್ರುಗಳು ದಡ್ಡರೇನಲ್ಲ. ಅವರಿಗೆ ಒಂದು ನಮಸ್ಕಾರ. ಏಟಿಗೆ ಅಲ್ಲ, ಮಗ್ಗಿಗೆ.

ಆದರೆ ನಿಮ್ಮ ಮಗಳ ರ ಗ ಸ ದ ಅ ವಿಷಯಕ್ಕೆ ಬಂದರೆ ನಾನು ಮಗುವಿನ ಪಕ್ಷ. ಒಂದು ಕಾಗದ ತೆಗೆದುಕೊಂಡು ಅ, ಆ, ಇ, ಈ, ಉ ಬರೆಯಿರಿ. ಇವುಗಳಿಂದ ಎಷ್ಟು ಪದ ಮಾಡುತ್ತೀರಿ? ಆ, ಈ. ಮುಗೀತು. ಈಗ ರ, ಗ, ಸ, ದ, ಅ ಬರೆಯಿರಿ. ಸರ, ದರ, ಅರಸ, ಅಗಸ, ಗರಗಸ. ಐದೇ ಅಕ್ಷರ ಕಲಿತ ಮಗು ಗರಗಸ ಎಂದು ಓದಿಬಿಡುತ್ತದೆ. ಐವತ್ತು ಅಕ್ಷರ ಮುಗಿಯುವವರೆಗೆ, ಅಂದರೆ ಹಳೆಯ ಲೆಕ್ಕದಲ್ಲಿ ವರ್ಷದ ಕೊನೆಯವರೆಗೆ, ಓದು ಅಂದರೇನು ಎಂದೇ ತಿಳಿಯದೆ ಸುಮ್ನೆ ತಿದ್ದುತ್ತಾ ಕೂರಬೇಕಿಲ್ಲ. ಕೈಗೂ ಸುಲಭ, ರ ಬರೆದ ಕೈಗೆ ಸ ಬರೆಯುವುದು ದೊಡ್ಡ ಕಷ್ಟವಲ್ಲ. ನಾಲ್ಕು ಸುತ್ತು ಹೊಡೆಯಬೇಕಾದ ಈ, ಋ ಎಲ್ಲ ಆಮೇಲೆ ಬರುತ್ತವೆ. ಇದನ್ನು ಯೋಚಿಸಿದವರು ಮಕ್ಕಳ ಪಕ್ಕ ಕೂತು ನೋಡಿದ್ದಾರೆ.

ಅಂದಹಾಗೆ, ಹಳೆಯದು ಹೊಸದು ಬೆರೆಸಿ ಅಂದಿರಲ್ಲ, ನೀವು ಬೇಡ ಅನ್ನುತ್ತಿರುವ ನಲಿ-ಕಲಿಯೇ ಒಂದು ಬೆರಕೆ. ಹೇಗೆ ಹುಟ್ಟಿತು ಗೊತ್ತಾ? 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳಲ್ಲಿ ಸಣ್ಣ ಸಣ್ಣ ಶಾಲೆ ನಡೆಸುತ್ತಿದ್ದರು. ಒಂದೇ ಕೋಣೆ, ಒಬ್ಬರೇ ಟೀಚರು, ಬೇರೆ ಬೇರೆ ವಯಸ್ಸಿನ ಮಕ್ಕಳು, ಪಾಠವೆಲ್ಲ ಕಾರ್ಡುಗಳಲ್ಲಿ. ನಮ್ಮವರು ಅದನ್ನು ನೋಡಿ ಬಂದು ಹಾಗೇ ನಕಲು ಮಾಡಲಿಲ್ಲ. ತಮ್ಮ ಮಕ್ಕಳಿಗೆ, ತಮ್ಮ ಕನ್ನಡಕ್ಕೆ ತಕ್ಕಂತೆ ಕಾರ್ಡು ಬರೆದರು, ಹಾಡು ಕಟ್ಟಿದರು. ಕೋಟೆ ತಾಲ್ಲೂಕು ಅಂದರೆ ಕಾಡಂಚು, ಜೇನುಕುರುಬರ ಹಾಡಿಗಳು. ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದರೆ ಮಗುವೂ ಹೊರಟಿತು. ತಿಂಗಳು ಬಿಟ್ಟು ಬಂದರೆ ಪುಸ್ತಕ ಆರು ಪಾಠ ಮುಂದೆ ಓಡಿರುತ್ತದೆ, ಮಗು ಹಿಂದಿನ ಬೆಂಚಿಗೆ, ಅಲ್ಲಿಂದ ಮನೆಗೆ. ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ನಲಿ-ಕಲಿಯ ಏಣಿ ಇದ್ದರೆ ಆ ತೊಂದರೆ ಇಲ್ಲ, ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹತ್ತುತ್ತದೆ.

ನಲಿ-ಕಲಿ ಕ್ಲಾಸಿನ ತಟ್ಟೆಗಳನ್ನು ನೋಡಿ, ಅಂದರೆ ಮಕ್ಕಳು ಗುಂಪು ಗುಂಪಾಗಿ ಕೂರುವ ಜಾಗಗಳನ್ನು. ಒಂದು ತಟ್ಟೆಯ ಸುತ್ತ ಕೂತವರಿಗೆ ಟೀಚರೇ ಪೂರ್ತಿ ಹೇಳಿಕೊಡುತ್ತಾರೆ, ಅದು ನಿಮ್ಮ ಮಾವನವರ ಕಾಲದ ಪಾಠವೇ. ಇನ್ನೊಂದರಲ್ಲಿ ಅರ್ಧ ನೆರವು. ಮುಂದಿನವುಗಳಲ್ಲಿ ಗೆಳೆಯರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಮಾಡುತ್ತದೆ. ಒಂದೇ ಮಗು ಒಂದೇ ದಿನದಲ್ಲಿ ಈ ತಟ್ಟೆಯಿಂದ ಆ ತಟ್ಟೆಗೆ ಹೋಗುತ್ತದೆ. ಅರ್ಧ ಅರ್ಧ ಎಂದು ಸೇರು ಪಾವಿನಲ್ಲಿ ಅಳೆದ ಬೆರಕೆ ಅಲ್ಲ ಇದು.

ಗೆಳೆಯರು ಹೇಳಿಕೊಡುವುದನ್ನು ಹೊಸ ಫ್ಯಾಷನ್ ಅಂದುಕೊಂಡಿದ್ದರೆ ಮಾವನವರಿಗೆ ಈ ಕತೆ ಹೇಳಿ. ನಮ್ಮ ಕೂಲಿಮಠಗಳಲ್ಲಿ ಐಗಳು ಒಬ್ಬರೇ, ಮಕ್ಕಳು ಬಹಳ. ದೊಡ್ಡ ಹುಡುಗ ಚಿಕ್ಕವನ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸುತ್ತಿದ್ದ. 1790ರ ದಶಕದಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಅನಾಥಾಲಯ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಇಂಥದ್ದೇ ಒಂದು ಊರ ಶಾಲೆಯಲ್ಲಿ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಮಾಡಿ ಅಂದರೆ ಅಲ್ಲಿನ ಉಪಾಧ್ಯಾಯರು ಒಪ್ಪಲಿಲ್ಲ. ಆತ ಎಂಟು ವರ್ಷದ ಹುಡುಗನೊಬ್ಬನನ್ನೇ ಉಪಾಧ್ಯಾಯನಾಗಿ ಕೂರಿಸಿದ. ಕೆಲಸ ಆಯಿತು! ಲಂಡನ್ನಿಗೆ ಹೋಗಿ 1797ರಲ್ಲಿ ಅಚ್ಚು ಹಾಕಿಸಿದ, ಇಂಗ್ಲೆಂಡಿನಲ್ಲಿ ಅದು ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನಲ್ಲಿ ಆತನ ದುಡ್ಡಿನಲ್ಲಿ ಶುರುವಾದ ಶಾಲೆಯ ಹೆಸರು ಇವತ್ತಿಗೂ ಮದ್ರಾಸ್ ಕಾಲೇಜು. ನಮ್ಮದು ಹಡಗು ಹತ್ತಿ ಹೋಗಿ, ಇನ್ನೂರು ವರ್ಷ ಬಿಟ್ಟು ಕಾರ್ಡು ಹಿಡಿದುಕೊಂಡು ನಿಮ್ಮ ಮಗಳ ಕ್ಲಾಸಿಗೆ ಬಂದಿದೆ. ಹಳೆಯದು ಯಾವುದು, ಹೊಸದು ಯಾವುದು?

ಹಾಗಾದರೆ ನಲಿ-ಕಲಿ ಶಾಲೆಗಳೆಲ್ಲ ಯಾಕೆ ಚೆನ್ನಾಗಿಲ್ಲ ಅಂತ ಕೇಳುತ್ತೀರಿ. ಕೇಳಬೇಕು. ಕೋಟೆಯಲ್ಲಿ ಬೆರೆಸಿದವರು ಮೇಷ್ಟ್ರುಗಳು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಅದು ಹೋದಾಗ, ಬೆರೆಸಿ ಮುಗಿದದ್ದು ಪೆಟ್ಟಿಗೆಯಲ್ಲಿ ಬಂತು. ಇಂತಿಷ್ಟು ಕಾರ್ಡು, ಇಂತಿಷ್ಟು ದಿನ ತರಬೇತಿ, ಸಹಿ ಹಾಕಿ ತಗೊಳ್ಳಿ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಗೆ ಹೋಗಿದ್ದೆ. ಊರು ಬೇಡ. ಕಾರ್ಡುಗಳು ಬೀರುವಿನೊಳಗೆ ಹೊಸ ವಾಸನೆಯೂ ಹೋಗದೆ ಕೂತಿದ್ದವು, ಬೀರುವಿಗೆ ಬೀಗ. ಯಾಕೆ ಸಾರ್ ಅಂದೆ. "ಕಳೆದರೆ ಯಾರು ಲೆಕ್ಕ ಕೊಡೋದು?" ಅಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದು ಶಾಲೆಯಲ್ಲಿ ಇದಕ್ಕೆ ತದ್ವಿರುದ್ಧ. ಮೇಡಂ ಒಬ್ಬರು ಅಷ್ಟೂ ಕಾರ್ಡು ಬಳಸುತ್ತಿದ್ದರು, ಮಕ್ಕಳು ತಾವೇ ತೆಗೆದು ತಾವೇ ಇಡುತ್ತಿದ್ದರು, ತಲೆ ಮೇಲೆ ಚಪ್ಪರದ ತುಂಬ ಮಕ್ಕಳು ಬಿಡಿಸಿದ ಚಿತ್ರ. ಮಧ್ಯಾಹ್ನ ಊಟ ಆದ ಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರನ್ನೂ ಎದ್ದು ನಿಲ್ಲಿಸಿ ಅ ಆ ಇ ಈಯಿಂದ ಕ್ಷ ಜ್ಞವರೆಗೆ ರಾಗವಾಗಿ ಹೇಳಿಸಿದರು. ಆಮೇಲೆ ಎರಡರ ಮಗ್ಗಿ, ಐದರ ಮಗ್ಗಿ, ಹುಣಸೆ ಬೀಜ ಗುಡ್ಡೆ ಹಾಕಿಕೊಂಡು. "ಇದನ್ನು ಬರೀಬೇಡಿ ಸಾರ್, ಸಿಆರ್‌ಪಿ ಬಂದರೆ ಇದೆಲ್ಲ ನಲಿ-ಕಲಿಯಲ್ಲಿ ಇಲ್ಲ ಅಂತಾರೆ" ಎಂದು ನಕ್ಕರು. ಸಿಆರ್‌ಪಿ ಅಂದರೆ ಸುತ್ತಲಿನ ಶಾಲೆಗಳನ್ನು ನೋಡಲು ಬರುವ ಇಲಾಖೆಯ ಸಂಪನ್ಮೂಲ ವ್ಯಕ್ತಿ. ಇಷ್ಟು ವರ್ಷ ಬರೆದಿರಲಿಲ್ಲ. ಈಗ ಅವರು ರಿಟೈರ್ ಆಗಿದ್ದಾರೆ. ನೀವು ಸರ್ಕಾರದಿಂದ ಬಯಸುತ್ತಿರುವ ಆ ಬೆರಕೆ ಬಾಗಿಲು ಮುಂದೆ ಮಾಡಿಕೊಂಡು ಕದ್ದು ನಡೆಯುತ್ತಿದೆ ಅಮ್ಮಾ.

ಅದಕ್ಕೇ ನೀವು ಕೇಳಿದ ಹಾಗೆ ಸರ್ಕಾರಕ್ಕೆ ನಾನು ಬರೆಯುವುದಿಲ್ಲ. ಬರೆದರೆ ಒಂದು ಸಮಿತಿ ಆಗುತ್ತದೆ. ಮೇಲಿಂದ ಬಂದ ಬೆರಕೆಯ ಗತಿ ಏನು ಅಂತ ಕ್ಯಾಲಿಫೋರ್ನಿಯಾದವರನ್ನು ಕೇಳಿ. 1987ರಲ್ಲಿ ಅಲ್ಲಿ ಅಕ್ಷರ, ಶಬ್ದ ಬಿಡಿಸಿ ಕಲಿಸುವುದನ್ನು ಬದಿಗೆ ಸರಿಸಿ ಕತೆ ಪುಸ್ತಕಗಳಿಂದಲೇ ಓದು ಬರಲಿ ಎಂದು ರಾಜ್ಯಕ್ಕೆಲ್ಲ ಹೇಳಿದರು. 1994ರ ರಾಷ್ಟ್ರೀಯ ಪರೀಕ್ಷೆಯಲ್ಲಿ ನಾಲ್ಕನೇ ತರಗತಿಯವರ ಓದು ದೇಶದ ಕೊನೆಯ ಸಾಲಿಗೆ ಬಂತು. ಗಾಬರಿಯಾಗಿ ಮತ್ತೆ ಅಕ್ಷರಕ್ಕೆ ತಿರುಗಿದರು. ಆಮೇಲೆ ಅಮೆರಿಕದ ತುಂಬ ಎರಡನ್ನೂ ಬೆರೆಸಿದ 'ಸಮತೋಲನದ ಓದು' ಎಂಬ ಹೆಸರು ಓಡಾಡಿತು. ಎಷ್ಟೋ ಕ್ಲಾಸುಗಳಲ್ಲಿ ಸಮತೋಲನ ಅಂದರೆ ಅಕ್ಷರಕ್ಕೆ ಒಂದಿಷ್ಟು ನಿಮಿಷ, ಮಿಕ್ಕಂತೆ ಚಿತ್ರ ನೋಡಿ ಪದ ಊಹಿಸು. ಹೆಸರು ಎಲ್ಲರಿಗೂ ಒಪ್ಪಿಗೆ, ಓದು ಮಾತ್ರ ಬರಲಿಲ್ಲ.

ನಮ್ಮಲ್ಲಿ ಕಡಿಮೆಯಾ? ಪರೀಕ್ಷೆಯೂ ಇರಲಿ, ಚಟುವಟಿಕೆಯೂ ಇರಲಿ ಎಂದು ನಾಲ್ಕು ಎಫ್‌ಎ, ಎರಡು ಎಸ್‌ಎ ಮಾಡಿದರು. ಎಫ್‌ಎ ಅಂದರೆ ವರ್ಷದ ನಡುನಡುವೆ ಚಟುವಟಿಕೆ, ಪ್ರಾಜೆಕ್ಟ್ ನೋಡಿ ಮಾಡುವ ಮೌಲ್ಯಮಾಪನ, ಎಸ್‌ಎ ಅಂದರೆ ಅವಧಿಯ ಕೊನೆಯ ಪರೀಕ್ಷೆ. ಒಳ್ಳೆಯ ಯೋಚನೆ. ಈಗ ಪ್ರಾಜೆಕ್ಟ್ ಮಾಡುವವರು ಯಾರು ಅಂತ ನಿಮಗೆ ನಾನು ಹೇಳಬೇಕಾ? ರಾತ್ರಿ ಹತ್ತು ಗಂಟೆಗೆ ಥರ್ಮಾಕೋಲ್ ಕತ್ತರಿಸುವ ಅಮ್ಮಂದಿರು.

ಇನ್ನೊಂದು ಸಂಕಟ ಇದೆ. ಪಠ್ಯಪುಸ್ತಕದ ವಿಷಯಕ್ಕೆ 2022ರಲ್ಲಿ ನಾವೆಲ್ಲ ಎಷ್ಟು ಜಗಳ ಆಡಿದೆವು. ಯಾವ ಪಾಠ ಇರಬೇಕು, ಯಾರದ್ದನ್ನು ತೆಗೆದರು, ಯಾರದ್ದು ಸೇರಿತು. ಈ ಪತ್ರಿಕೆಗೂ ಚೀಲಗಟ್ಟಲೆ ಪತ್ರ ಬಂದವು, ಜಗಳ ಮುಖ್ಯವಾದದ್ದೇ, ನಾನೂ ಸೇರಿದ್ದೆ. ಆದರೆ ಆ ಚೀಲದಲ್ಲಿ 'ಇದನ್ನು ಕಲಿಸುವುದು ಹೇಗೆ' ಎಂದು ಕೇಳಿದ ಒಂದು ಪತ್ರವೂ ಇರಲಿಲ್ಲ. ಕಲಿಸಬೇಕಾದವರನ್ನಂತೂ ಯಾರೂ ಕೇಳುವುದಿಲ್ಲ. ಅವರಿಗೆ ಬಿಡುವೂ ಇಲ್ಲ. ಬೆಳಗ್ಗೆ ಹಾಲು, ಮಧ್ಯಾಹ್ನ ಮೊಟ್ಟೆ ಲೆಕ್ಕ, ಸಂಜೆ ಆನ್‌ಲೈನ್ ಮಾಹಿತಿ ತುಂಬುವುದು, ನಡುವೆ ಚುನಾವಣೆ. 2025ರ ದಸರಾ ರಜೆಯಲ್ಲಿ ಮನೆ ಮನೆ ಸಮೀಕ್ಷೆ ಮಾಡಿದರು. ಅದು ಮುಗಿಯಲಿಲ್ಲ ಎಂದು ಶಾಲೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಬೇರೆ ಬೇರೆ ಮಟ್ಟದ ಇಪ್ಪತ್ತು ಮಕ್ಕಳಲ್ಲಿ ಯಾರಿಗೆ ಇವತ್ತು ಹಾಡು, ಯಾರಿಗೆ ಮಗ್ಗಿ, ಯಾರನ್ನು ಸುಮ್ಮನೆ ಬಿಡಬೇಕು ಎಂದು ಯೋಚಿಸಲು ತಲೆ ಖಾಲಿ ಇರಬೇಕಲ್ವಾ? ಸರ್ಕಾರಕ್ಕೆ ಬರೆಯುವುದಾದರೆ ನಾನು ಇದನ್ನು ಬರೆಯುತ್ತೇನೆ.

ಈಗ ನಿಮ್ಮನ್ನು ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಪುಟದ ಪತ್ರದಲ್ಲಿ ಮಾವನವರು ಇದ್ದಾರೆ, ಸರ್ಕಾರ ಇದೆ, ಪಕ್ಕದ ಮನೆಯ ಕಾನ್ವೆಂಟ್ ಹುಡುಗ ಇದ್ದಾನೆ. ನಿಮ್ಮ ಮಗಳ ಟೀಚರ್ ಎಲ್ಲಿ? ಶಾಲೆಗೆ ಹೋಗಿದ್ದು ಸೇರಿಸಿದ ದಿನ ಮಾತ್ರ ಎಂದು ನೀವೇ ಬರೆದಿದ್ದೀರಿ. ಒಂದು ಬೆಳಗ್ಗೆ ಹೋಗಿ ಹಿಂದೆ ಕೂತು ನೋಡಿ. ಮಗು ಯಾವ ತಟ್ಟೆಯಲ್ಲಿ ಕೂತಿದೆ, ಏಣಿಯಲ್ಲಿ ಎಲ್ಲಿದೆ ಎಂದು ಕೇಳಿ. ಕಾರ್ಡು ಬೀರುವಿನಲ್ಲಿ ಇದ್ದರೆ ಜಗಳ ಆಡಿ, ನಾನು ನಿಮ್ಮ ಕಡೆ. ಕಾನ್ವೆಂಟಿನ ಯೋಚನೆ ಅದಾದ ಮೇಲೆ. ಅಲ್ಲಿ ಎ ಫಾರ್ ಆ್ಯಪಲ್ ಎಂದು ಶುರು ಮಾಡುತ್ತಾರೆ, ತಿಪಟೂರಿನ ತೆಂಗಿನ ತೋಟದ ನಡುವೆ. ಅದಕ್ಕೆ ಮಾವನವರು ಸಿಟ್ಟಾಗುವುದಿಲ್ಲ, ನೋಡಿ ಬೇಕಾದರೆ.

ಇನ್ನು ಮನೆಯಲ್ಲಿ ಅ ಆ ಇ ಈ ಹೇಳಿಕೊಡಲಾ ಅಂದಿರಿ. ಧಾರಾಳವಾಗಿ. ಆದರೆ ನೀವಲ್ಲ, ಮಾವನವರೇ ಹೇಳಿಕೊಡಲಿ, ಮೊದಲು ಮೊಮ್ಮಗಳು ಅವರಿಗೆ ಗರಗಸ, ಅಗಸ, ಅರಸ ಓದಿ ತೋರಿಸಿದ ಮೇಲೆ. ವರ್ಣಮಾಲೆಯ ಸಾಲು ಸುಮ್ಮನೆ ಸಾಲಲ್ಲ, ಅದೂ ಒಂದು ಆಟವೇ. ಕ ಅಂದಾಗ ಸದ್ದು ಗಂಟಲ ಹತ್ತಿರ, ಚ ಅಂದಾಗ ಅಂಗುಳ, ಟ ಅಂದಾಗ ನಾಲಿಗೆ ಮೇಲಕ್ಕೆ ಮಡಚುತ್ತದೆ, ತ ಅಂದಾಗ ಹಲ್ಲು, ಪ ಅಂದಾಗ ತುಟಿ. ಒಳಗಿಂದ ಹೊರಗೆ ಒಂದೊಂದೇ ಹೆಜ್ಜೆ. ಮಾವನವರಿಗೂ ಇದನ್ನು ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಇಬ್ಬರೂ ಬೆರಳನ್ನು ಗಂಟಲ ಮೇಲೆ ಇಟ್ಟುಕೊಂಡು ಕ ಖ ಗ ಘ ಹೇಳಲಿ. ಙ ಹೇಳುವಾಗ ಅಜ್ಜ ಮೊಮ್ಮಗಳು ಇಬ್ಬರಿಗೂ ನಗು ಬರಲಿಲ್ಲ ಅಂದರೆ ನನಗೆ ಇನ್ನೊಂದು ಪತ್ರ ಬರೆಯಿರಿ.

- ಸಂಪಾದಕ