ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಎಲ್ಫ್‌ಗಳೆಂಬ ಚೂಪು ಕಿವಿಯ ಕಾಲ್ಪನಿಕ ಜನರಿದ್ದಾರೆ. ಅವರಲ್ಲಿ ಡ್ರೌ ಎಂಬ ಪಂಗಡದವರು ನೆಲದಡಿ ಯಾಕಿದ್ದಾರೆ? ಅಲ್ಲಿ ಹೆಂಗಸರದೇ ದರ್ಬಾರು ಯಾಕೆ?

ಎರಡಕ್ಕೂ ಉತ್ತರ ಒಂದೇ: ಲೋಲ್ತ್ ಎಂಬ ಜೇಡರ ದೇವತೆ. ಆಟದ ಪುರಾಣದಲ್ಲಿ ಅವಳು ಎಲ್ಫ್‌ಗಳ ದೇವರಾದ ಕೊರೆಲಾನ್‌ಗೆ ದ್ರೋಹ ಬಗೆಯುತ್ತಾಳೆ. ಅವಳ ಪಕ್ಷ ಹಿಡಿದವರು ಅಂಡರ್‌ಡಾರ್ಕ್ ಎಂಬ ಪಾತಾಳ ಸೇರುತ್ತಾರೆ. ಅವರೇ ಡ್ರೌಗಳು. ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ, ಬಿಸಿಲು ಮಾತ್ರ ಆಗಿಬರುವುದಿಲ್ಲ.

ಲೋಲ್ತ್ ತನ್ನ ಶಕ್ತಿಯನ್ನು ಕೊಡುವುದು ಪೂಜಾರಿಣಿಯರಿಗೆ. ಹಾಗಾಗಿ ಅಧಿಕಾರವೂ ಅವರದೇ. ಆದರೆ ಅವಳ ಕೃಪೆ ಸುಮ್ನೆ ಸಿಗುವುದಿಲ್ಲ, ಗೆದ್ದವರ ಕಡೆ ವಾಲುತ್ತದೆ. ಅದಕ್ಕೇ ಡ್ರೌಗಳ ಮೆಂಜೊಬೆರಾಂಜನ್ ನಗರದಲ್ಲಿ ಮನೆತನಗಳು ಒಂದನ್ನೊಂದು ಮುಗಿಸಲು ಹೊಂಚು ಹಾಕುತ್ತವೆ. ಅಲ್ಲಿನ ನ್ಯಾಯವೂ ವಿಚಿತ್ರ: ಎದುರಾಳಿ ಮನೆತನದಲ್ಲಿ ದೂರು ಕೊಡಲು ಒಬ್ಬ ಕುಲೀನನೂ ಉಳಿಯದಿದ್ದರೆ ಅದು ಅಪರಾಧವೇ ಅಲ್ಲ! ಒಬ್ಬ ಉಳಿದರೂ ದಾಳಿ ಮಾಡಿದವರಿಗೇ ಸರ್ವನಾಶ. ಈ ಆಟದ ಇಡೀ ಲೋಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಕಲ್ಪನೆ ಇದು.

ಆಟದ ಹೊರಗಿನ ಮೂಲ? ಸ್ಕಾಟ್ಲೆಂಡಿನ ಜನಪದ ಕಥೆಗಳಿಂದ ಹೆಸರು ಎತ್ತಿಕೊಂಡು, ಆಟವನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1970ರ ದಶಕದ ಕೊನೆಯಲ್ಲಿ ಇವರನ್ನು ಖಳರನ್ನಾಗಿ ಆಟಕ್ಕೆ ತಂದರು. 2021ರಲ್ಲಿ ಲೋಲ್ತ್‌ಳನ್ನು ಪೂಜಿಸದ ಡ್ರೌ ನಗರಗಳೂ ಸೇರಿಕೊಂಡವು. ಹಾಗಾಗಿ ಎಲ್ಲ ಡ್ರೌಗಳೂ ಕೆಟ್ಟವರಲ್ಲ.