ಬಿಎಂಡಬ್ಲ್ಯು ಇ46 ಕಾರಿನ ಎಡಗನ್ನಡಿ: ಗಾಜನ್ನು ಮಾತ್ರ ಬದಲಾಯಿಸುವ ಕ್ರಮ

ನಿಮ್ಮ ಪ್ರಶ್ನೆಯನ್ನು ಓದಿದೆ. 2003ರ ಬಿಎಂಡಬ್ಲ್ಯು 3 ಸರಣಿಯ ಇ46 ಸೆಡಾನಿನ ಎಡಬದಿಯ ಕನ್ನಡಿಗೆ ಬೈಕೊಂದು ತಗುಲಿ ಗಾಜು ಒಡೆದಿದೆ, ಕವಚಕ್ಕೆ ಏನೂ ಆಗಿಲ್ಲ, ಮೋಟಾರು ಈಗಲೂ ನಾಲ್ಕೂ ಕಡೆಗೆ ತಿರುಗುತ್ತಿದೆ. ಗ್ಯಾರೇಜಿನವರು ಇಡೀ ಮಿರರನ್ನೇ ಬದಲಾಯಿಸಬೇಕು ಎನ್ನುತ್ತಿದ್ದಾರೆ, ಗಾಜಿನಂಗಡಿಯವರು ಸಾದಾ ಕನ್ನಡಿಯನ್ನು ಅಳತೆಗೆ ಕತ್ತರಿಸಿ ಅಂಟಿಸಿಕೊಡುತ್ತೇವೆ ಎಂದಿದ್ದಾರೆ. ಇವೆರಡರಲ್ಲಿ ಯಾವುದನ್ನು ಒಪ್ಪಬೇಕು ಎಂದು ಕೇಳಿದ್ದೀರಿ. ಎರಡನ್ನೂ ಒಪ್ಪಬೇಡಿ ಎಂಬುದೇ ನನ್ನ ಉತ್ತರ. ಈ ಕಾರಿನ ಗಾಜು ತನ್ನ ಹಿಂಬದಿಯ ಪ್ಲಾಸ್ಟಿಕ್ ತಟ್ಟೆಯ ಸಮೇತ ಪ್ರತ್ಯೇಕ ಬಿಡಿಭಾಗವಾಗಿ ಸಿಗುತ್ತದೆ, ಅದನ್ನು ಮನೆಯ ಮುಂದೆ ನಿಲ್ಲಿಸಿಕೊಂಡೇ ನಿಧಾನವಾಗಿ ಬದಲಾಯಿಸಬಹುದು. ಕೈಕೆಲಸ ಕಷ್ಟದ್ದಲ್ಲ. ಎಚ್ಚರ ಹೆಚ್ಚಾಗಿ ಬೇಕಾಗುವುದು ಸರಿಯಾದ ಗಾಜನ್ನು ಆರಿಸುವುದರಲ್ಲಿ, ಆಮೇಲೆ ಇಪ್ಪತ್ತು ವರ್ಷ ಬಿಸಿಲು ತಿಂದ ಪ್ಲಾಸ್ಟಿಕ್ಕಿನ ಮೇಲೆ ಬಲವನ್ನು ಎಲ್ಲಿ ಹಾಕಬೇಕು ಎಂಬುದರಲ್ಲಿ.

ಮೊದಲು ಗಾಜಿನ ಆಯ್ಕೆಯ ವಿಚಾರವನ್ನು ಹೇಳುತ್ತೇನೆ, ಏಕೆಂದರೆ ಹಣ ವ್ಯರ್ಥವಾಗುವುದು ಇಲ್ಲಿಯೇ. ಇ46 ಸೆಡಾನಿನ ತಯಾರಿಕೆ 2006ರ ಹೊತ್ತಿಗೇ ನಿಂತಿತ್ತು, ಬಿಎಂಡಬ್ಲ್ಯು ಸಂಸ್ಥೆಯ ಚೆನ್ನೈ ಕಾರ್ಖಾನೆ ಆರಂಭವಾದದ್ದು 2007ರಲ್ಲಿ. ಅಂದರೆ ಈ ಮಾದರಿ ನಮ್ಮ ದೇಶದಲ್ಲಿ ಜೋಡಣೆಯಾದದ್ದೇ ಅಲ್ಲ. ಇಲ್ಲಿರುವವೆಲ್ಲ ಹೊರಗಿನಿಂದ ಬಂದ ಕಾರುಗಳು. ಆದ್ದರಿಂದ ಗಾಜು ಕೂಡ ಹೆಚ್ಚಾಗಿ ಹೊರದೇಶದಿಂದಲೇ ಬರುತ್ತದೆ, ಅದು ಯಾವ ದೇಶಕ್ಕೆಂದು ತಯಾರಾದದ್ದು ಎಂಬುದು ಮುಖ್ಯವಾಗುತ್ತದೆ. ಅಮೆರಿಕದ ವಾಹನ ಸುರಕ್ಷತಾ ಮಾನದಂಡ 111ರ ಪ್ರಕಾರ ಚಾಲಕನ ಬದಿಯ ಕನ್ನಡಿ ಸಮತಲವಾಗಿರಬೇಕು. ಅಲ್ಲಿ ಚಾಲಕ ಕೂರುವುದು ಎಡಗಡೆ. ಹಾಗಾಗಿ ಅಲ್ಲಿನ ಇ46 ಕಾರಿನ ಎಡಗಾಜನ್ನು ತರಿಸಿದರೆ ಅದು ನಿಮ್ಮ ಕವಚದೊಳಗೆ ಕೂರಬಹುದು, ಆದರೆ ಅದು ಚಪ್ಪಟೆ ಗಾಜು. ನಮ್ಮಲ್ಲಿ ಎಡಗಡೆಯದು ಚಾಲಕನಿಂದ ದೂರದ ಕನ್ನಡಿ. ಅಲ್ಲಿ ಬೇಕಾದದ್ದು ಹೊರಕ್ಕೆ ಉಬ್ಬಿದ, ಶಾಲೆಯಲ್ಲಿ ಪೀನ ದರ್ಪಣ ಎಂದು ಓದಿದ ಬಗೆಯ ಗಾಜು. ಯುರೋಪಿನ ದೇಶಗಳು ಅನುಸರಿಸುವ, ವಾಹನಗಳ ಕನ್ನಡಿಗಳ ಕುರಿತಾದ ವಿಶ್ವಸಂಸ್ಥೆಯ 46ನೇ ನಿಯಮಾವಳಿಯಲ್ಲಿ ಕಾರಿನ ಪಕ್ಕದ ಕನ್ನಡಿಗಳ ವಕ್ರತಾ ತ್ರಿಜ್ಯ 1,200 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂದಿದೆ. ಅಂದರೆ ಉಬ್ಬು ಇರಬಹುದು, ಆದರೆ ಹಿಂದಿನ ವಾಹನ ತೀರಾ ಪುಟ್ಟದಾಗಿ, ದೂರದಲ್ಲಿ ಇರುವಂತೆ ಕಾಣುವಷ್ಟು ಇರಕೂಡದು.

ಬ್ರಿಟನ್ನಿನಲ್ಲಿ ನಮ್ಮ ಹಾಗೆಯೇ ಚಾಲಕ ಬಲಗಡೆ ಕೂರುವುದರಿಂದ ಅಲ್ಲಿನ ಎಡಗಾಜು ನಿಮಗೆ ಸರಿಹೊಂದುತ್ತದೆ. ನಿಮ್ಮ ಬಂಧುಗಳೋ ಸ್ನೇಹಿತರೋ ಅಲ್ಲಿಂದ ಬರುವವರಿದ್ದರೆ ಬಟ್ಟೆಯ ನಡುವೆ ಸುತ್ತಿ ತರಬಹುದಾದ ಚಿಕ್ಕ ವಸ್ತು ಇದು. ತರಿಸುವ ಮೊದಲು ಗಾಜಿನ ಅಥವಾ ಹಿಂಬದಿ ತಟ್ಟೆಯ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ ಇರುವ ಮುದ್ರೆಯಿದೆಯೇ ಎಂದು ಚಿತ್ರ ತರಿಸಿಕೊಂಡು ನೋಡಿ. 1 ಎಂದರೆ ಜರ್ಮನಿಯಲ್ಲಿ, 11 ಎಂದರೆ ಬ್ರಿಟನ್ನಿನಲ್ಲಿ ಅನುಮೋದನೆ ಪಡೆದದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ಗಾಜು ಸಿಕ್ಕರೆ ಅದನ್ನು ಅಂಗಡಿಯ ಮುಂದೆಯೇ ಪರೀಕ್ಷಿಸಿ: ಒಂದು ಉಕ್ಕಿನ ಸ್ಕೇಲನ್ನು ಗಾಜಿನ ಮೇಲೆ ನೇರ ಅಂಚಿನಲ್ಲಿ ನಿಲ್ಲಿಸಿದರೆ ಉಬ್ಬುಗಾಜಿನಲ್ಲಿ ನಡುಭಾಗ ಮಾತ್ರ ತಾಗಿ ಎರಡೂ ತುದಿಗಳಲ್ಲಿ ಸಂದು ಕಾಣುತ್ತದೆ. ಕರಾವಳಿಯಲ್ಲಿ ಓಡಿದ ಕಾರುಗಳ ಗಾಜಿನ ಅಂಚಿನಲ್ಲಿ ಲೇಪ ಕೊರೆದು ಕಪ್ಪು ಕಲೆಗಳಾಗಿರುವುದುಂಟು; ಆ ಕಲೆ ಹಬ್ಬುತ್ತಲೇ ಹೋಗುವುದರಿಂದ ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ಸೆಡಾನಿನ ಗಾಜನ್ನು ಕೇಳುವಾಗ ಇದೇ ಸರಣಿಯ ವೇಗದ ಕಾರಾದ ಎಂ3ಯ ಗಾಜನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ, ಅದರ ಮಿರರಿನ ಆಕಾರವೇ ಬೇರೆ.

ಸಾದಾ ಕನ್ನಡಿಯನ್ನು ಕತ್ತರಿಸಿ ಅಂಟಿಸುವುದನ್ನು ನಾನು ಏಕೆ ಇಷ್ಟು ಬಲವಾಗಿ ಬೇಡವೆನ್ನುತ್ತೇನೆ ಎಂದರೆ, ಎಡಗಡೆಯ ಕನ್ನಡಿ ಚಪ್ಪಟೆಯಾದ ಕ್ಷಣದಿಂದ ನಿಮ್ಮ ಪಕ್ಕದ ಲೇನು ಬಹುಪಾಲು ಕಾಣೆಯಾಗುತ್ತದೆ. ಎಡದಿಂದ ಮುಂದೆ ನುಗ್ಗುವ ದ್ವಿಚಕ್ರ ವಾಹನಗಳೇ ತುಂಬಿರುವ ನಮ್ಮ ರಸ್ತೆಗಳಲ್ಲಿ ಆ ನೋಟವನ್ನು ಕಳೆದುಕೊಂಡು ಎಡಕ್ಕೆ ತಿರುಗುವುದು ಅಪಾಯ, ಅದರಲ್ಲೂ ಅಪಾಯ ಬೈಕಿನಲ್ಲಿರುವವರಿಗೆ. ಇದರ ಜೊತೆಗೆ ಮನೆಯ ಕನ್ನಡಿಯಲ್ಲಿ ಲೇಪ ಹಿಂಬದಿಯಲ್ಲಿರುವುದರಿಂದ ರಾತ್ರಿ ಹಿಂದಿನ ವಾಹನದ ದೀಪ ಒಂದಕ್ಕೊಂದು ಅಂಟಿಕೊಂಡ ಎರಡು ಬಿಂಬಗಳಾಗಿ ಕಾಣುತ್ತದೆ. ದಪ್ಪಗಾಜಿನ ಹೆಚ್ಚಿನ ಭಾರಕ್ಕೆ ಮೋಟಾರಿನ ಕ್ಲಿಪ್ಪುಗಳು ಸಡಿಲಗೊಂಡು ವೇಗದಲ್ಲಿ ಕನ್ನಡಿ ನಡುಗತೊಡಗುತ್ತದೆ. ಹೊಸ ಗಾಜು ಬರುವವರೆಗೆ ಕಾರನ್ನು ಓಡಿಸಲೇಬೇಕಾದರೆ ಅಂಟಿಸುವ ಚಿಕ್ಕ ಉಬ್ಬುಗನ್ನಡಿಯೊಂದನ್ನು ತಾತ್ಕಾಲಿಕವಾಗಿ ಹಾಕಿಕೊಳ್ಳಿ.

ಇನ್ನೊಂದು ಪ್ರಶ್ನೆಗೆ ನೀವು ಉತ್ತರ ಕಂಡುಕೊಳ್ಳಬೇಕು: ನಿಮ್ಮ ಗಾಜು ರಾತ್ರಿ ತಾನಾಗಿ ಮಬ್ಬಾಗುವ ಬಗೆಯದೇ, ಅಲ್ಲವೇ? ಆ ಬಗೆಯಲ್ಲಿ ಎರಡು ಗಾಜುಗಳ ನಡುವೆ ತೆಳುವಾದ ದ್ರವ ಇರುತ್ತದೆ, ಒಡೆದಾಗ ಅದು ಜಿನುಗುತ್ತದೆ. ಒಡೆದ ಗಾಜಿನಲ್ಲಿ ಹಳದಿ ಅಥವಾ ಕಂದು ಬಣ್ಣದ ಜಿಗುಟು ಕಂಡರೆ ಕೈಗವಸು ಇಲ್ಲದೆ ಮುಟ್ಟಬೇಡಿ, ಬಾಗಿಲಿನ ಬಣ್ಣದ ಮೇಲೆ ಬೀಳಲು ಬಿಡಬೇಡಿ. ಅದು ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡಿ ಕೆಡಿಸುತ್ತದೆ. ಬಿದ್ದರೆ ತಡಮಾಡದೆ ಸಾಕಷ್ಟು ನೀರು ಹಾಕಿ ಒರಸಿ.

ಈಗ ಬಿಚ್ಚುವ ಕೆಲಸ. ಮುಂಜಾನೆಯ ಚಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಕಾರನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಲ್ಲಿಸಿ, ಇಲ್ಲವೇ ಕೂದಲು ಒಣಗಿಸುವ ಯಂತ್ರದಿಂದ ಗಾಜಿನ ಸುತ್ತ ಹದವಾಗಿ ಬಿಸಿ ಮಾಡಿ. ಬೆಚ್ಚಗಾದ ಪ್ಲಾಸ್ಟಿಕ್ ಬಾಗುತ್ತದೆ, ತಣ್ಣಗಿರುವುದು ಚಟ್ಟನೆ ಮುರಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಕೈಗವಸು ಇರಲಿ. ಒಡೆದ ಗಾಜಿನ ಮೇಲೆ ಅಗಲವಾದ ಟೇಪನ್ನು ಅಡ್ಡಲಾಗಿಯೂ ಉದ್ದಕ್ಕೂ ಅಂಟಿಸಿ, ಚೂರುಗಳು ಮೋಟಾರಿನ ಹಲ್ಲುಗಳ ನಡುವೆ ಬೀಳದಂತೆ ಇದೊಂದೇ ರಕ್ಷಣೆ. ಕವಚದ ಬಣ್ಣ ಬಳಿದ ಅಂಚಿಗೂ ಟೇಪು ಹಚ್ಚಿ, ಕೆಳಗೆ ನೆಲಕ್ಕೆ ಹಳೆಯ ಬೆಡ್‌ಶೀಟು ಹಾಸಿ.

ಮೋಟಾರು ಕೆಲಸ ಮಾಡುತ್ತಿರುವುದು ನಿಮ್ಮ ಅನುಕೂಲ. ಬಾಗಿಲಿನ ಸ್ವಿಚ್ಚಿನಿಂದ ಗಾಜನ್ನು ತಿರುಗಿಸಿ, ಕಿಟಕಿಯ ಕಡೆಯ ಅಂಚು ಪೂರ್ತಿ ಒಳಕ್ಕೆ ಹೋಗಿ ಹೊರಗಡೆಯ ಅಂಚು ಎದ್ದು ನಿಲ್ಲುವಂತೆ ಮಾಡಿ. ಆಮೇಲೆ ಕಾರನ್ನು ಆಫ್ ಮಾಡಿ ಕೀಲಿಯನ್ನು ತೆಗೆದುಬಿಡಿ. ಎದ್ದ ಸಂದಿನಲ್ಲಿ ಟಾರ್ಚು ಬಿಟ್ಟು ನೋಡಿದರೆ ಮೂರು ಪದರ ಕಾಣುತ್ತದೆ: ಗಾಜು, ಅದು ಅಂಟಿಕೊಂಡಿರುವ ಕಪ್ಪು ತಟ್ಟೆ, ಅದರ ಹಿಂದೆ ಮೋಟಾರಿಗೆ ಸೇರಿದ ಆಸರೆ. ನೀವು ಬೇರ್ಪಡಿಸಬೇಕಾದದ್ದು ಎರಡನೆಯದನ್ನೂ ಮೂರನೆಯದನ್ನೂ. ಇದನ್ನು ಗಮನಿಸದೆ ಗಾಜಿನ ಹಿಂದೆಯೇ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದರೆ ಗಾಜು ಮಾತ್ರ ಕಿತ್ತು ಬಂದು, ತಟ್ಟೆ ಅಲ್ಲಿಯೇ ಉಳಿಯುತ್ತದೆ.

ಕಬ್ಬಿಣದ ಉಪಕರಣವನ್ನು ಬಳಸಲೇಬೇಡಿ. ಒಳಾಂಗಣದ ಟ್ರಿಮ್ ತೆಗೆಯಲು ಬಳಸುವ ಪ್ಲಾಸ್ಟಿಕ್ ಪಟ್ಟಿ ಬೇಕು. ಅದು ಸಿಗದಿದ್ದರೆ ಮರದ ತೆಳುವಾದ ಸಟ್ಟುಗಕ್ಕೆ ಬಟ್ಟೆ ಸುತ್ತಿದರೂ ನಡೆಯುತ್ತದೆ. ಪಟ್ಟಿಯ ತುದಿಯನ್ನು ತಟ್ಟೆಯ ಹಿಂದಕ್ಕೆ, ಸಾಧ್ಯವಾದಷ್ಟು ನಡುಭಾಗದ ಹತ್ತಿರಕ್ಕೆ ತಲುಪಿಸಿ. ಸನ್ನೆಯ ಹಾಗೆ ಎತ್ತುವಾಗ ಪಟ್ಟಿಯ ಭಾರ ಕವಚದ ಅಂಚಿನ ಮೇಲೆ ಬೀಳಬಾರದು; ಹಳೆಯ ಕವಚಗಳು ಸೀಳುವುದು ಆ ಅಂಚಿನಲ್ಲಿಯೇ. ಪಟ್ಟಿಯನ್ನು ಸ್ವಲ್ಪ ತಿರುಚಿ, ಒಂದು ಕ್ಲಿಪ್ಪು ಟಪ್ಪೆಂದು ಬಿಟ್ಟದ್ದು ಕೇಳಿದ ಮೇಲೆ ಪಕ್ಕಕ್ಕೆ ಸರಿಸಿ ಮುಂದಿನದಕ್ಕೆ ಹೋಗಿ. ಎರಡನೆಯ ಕೈ ಸದಾ ಗಾಜಿನ ಕೆಳಗೆ ಇರಲಿ, ಏಕೆಂದರೆ ಕೊನೆಯ ಕ್ಲಿಪ್ಪು ಬಿಟ್ಟಾಗ ಗಾಜು ಹೀಟರಿನ ತಂತಿಗಳ ಮೇಲೆ ಜೋತುಬೀಳುತ್ತದೆ.

ಆ ತಂತಿಗಳನ್ನು ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಗಾಜಿನ ಹಿಂದೆ ಮಂಜು ಕರಗಿಸುವ ಹೀಟರ್ ಪದರವಿದೆ, ಅದಕ್ಕೆ ಎರಡು ಚಪ್ಪಟೆ ಟರ್ಮಿನಲ್‌ಗಳು. ತಂತಿಯನ್ನು ಹಿಡಿದು ಎಳೆಯಬೇಡಿ. ಪದರದ ಕಡೆಯ ತಗಡನ್ನು ಬೆರಳಿನಿಂದ ಒತ್ತಿ ಹಿಡಿದು, ಟರ್ಮಿನಲ್ಲನ್ನು ಮೂತಿ ಚೂಪಾದ ಇಕ್ಕಳದಿಂದ ಅಲ್ಲಾಡಿಸುತ್ತಾ ಹಿಂದಕ್ಕೆ ಸರಿಸಿ. ಹೀಟರಿನ ಎರಡು ತಂತಿಗಳು ಅದಲುಬದಲಾದರೆ ತೊಂದರೆಯಿಲ್ಲ. ಮಬ್ಬಾಗುವ ಗಾಜಿನ ತಂತಿಗಳು ಹಾಗಲ್ಲ, ಅವುಗಳಿಗೆ ಧನ ಋಣದ ವ್ಯತ್ಯಾಸ ಮುಖ್ಯ. ಆ ಗಾಜು ಕೆಲಸ ಮಾಡುವುದು ಒಂದೂಕಾಲು ವೋಲ್ಟಿನ ಆಸುಪಾಸಿನಲ್ಲಿ, ಆದ್ದರಿಂದ ಪರೀಕ್ಷಿಸಲೆಂದು ಕಾರಿನ ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಕೊಟ್ಟರೆ ಹೊಸ ಗಾಜು ಅಲ್ಲಿಯೇ ಹಾಳಾಗುತ್ತದೆ. ಮಬ್ಬಾಗದ ಗಾಜನ್ನೇ ಹಾಕುವುದಾದರೆ ಉಳಿದ ತಂತಿಗಳ ತುದಿಗಳನ್ನು ಬೇರೆಬೇರೆಯಾಗಿ ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಕೊಳವೆಯಿಂದ ಮುಚ್ಚಿ, ಮೋಟಾರಿನ ಚಲನೆಗೆ ಸಿಗದಂತೆ ಕಟ್ಟಿ. ಕನ್ನಡಿಯ ಉಳಿದ ಕೆಲಸ ಯಾವುದಕ್ಕೂ ಅಡ್ಡಿಯಾಗುವುದಿಲ್ಲ.

ಕೂರಿಸುವ ಮೊದಲು ಕವಚದೊಳಗಿನ ಚೂರುಗಳನ್ನು ವ್ಯಾಕ್ಯೂಮ್‌ನಿಂದ ಎಳೆದು ತೆಗೆಯಿರಿ, ಊದಬೇಡಿ. ಹೊಸ ಗಾಜಿನ ಹೀಟರ್ ಸರಿಯಿದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿ. ಎರಡು ಟರ್ಮಿನಲ್‌ಗಳ ನಡುವೆ ರೋಧ ತೋರಿಸದೆ ಸರ್ಕಿಟ್ ತೆರೆದಿದೆ ಎಂದು ಬಂದರೆ ಪದರದ ತಂತು ಕಡಿದಿದೆ, ಗಾಜನ್ನು ಹಿಂದಿರುಗಿಸಿ. ಬೆಂಗಳೂರಿನಲ್ಲಿ ಹೀಟರ್ ಏಕೆ ಎಂದು ಅನಿಸಬಹುದು, ಆದರೆ ಮಳೆಗಾಲದಲ್ಲಿ ಮಡಿಕೇರಿ ಅಥವಾ ಚಿಕ್ಕಮಗಳೂರಿನ ಘಾಟಿಯಲ್ಲಿ ಇಬ್ಬನಿ ಕವಿದ ಕನ್ನಡಿಯನ್ನು ತಿಳಿಯಾಗಿಸುವುದು ಅದೇ. ಮೋಟಾರಿನ ಆಸರೆಯನ್ನು ಸ್ವಿಚ್ಚಿನಿಂದ ನಡುಸ್ಥಾನಕ್ಕೆ ತಂದು, ಮತ್ತೆ ಕೀಲಿ ತೆಗೆದು, ತಂತಿಗಳನ್ನು ಸೇರಿಸಿ. ತಟ್ಟೆಯ ಹಿಂದಿನ ಕ್ಲಿಪ್ಪುಗಳು ಮೋಟಾರಿನ ಹಿಡಿತಗಳಿಗೆ ಎದುರುಬದುರಾಗಿವೆಯೇ ಎಂದು ಸಂದಿನಿಂದ ನೋಡಿಕೊಂಡು, ಮಡಿಸಿದ ಬಟ್ಟೆಯ ಮೇಲೆ ಅಂಗೈಯಿಟ್ಟು ಗಾಜಿನ ನಟ್ಟನಡುವೆ ಒಂದೇ ಸಮನಾಗಿ ಒತ್ತಿ. ಕ್ಲಿಪ್ಪುಗಳು ಕೂತದ್ದು ಕಿವಿಗೂ ಅಂಗೈಗೂ ತಿಳಿಯುತ್ತದೆ. ಅಂಚಿನಲ್ಲಿ ಒತ್ತಿದರೆ ಹೊಸ ಗಾಜು ಸೀಳುತ್ತದೆ. ನಡುವೆ ಒತ್ತಿಯೂ ಕೂರದಿದ್ದರೆ ಬಲ ಹೆಚ್ಚಿಸುವ ಬದಲು ತೆಗೆದು ಮತ್ತೆ ಸರಿಹೊಂದಿಸಿ. ಮೋಟಾರಿನ ಹಿಡಿತಗಳಲ್ಲಿ ಯಾವುದಾದರೂ ಆಗಲೇ ಮುರಿದಿದ್ದರೆ ಎಪಾಕ್ಸಿ ಅಂಟು ಹಾಕಿ ಗಾಜನ್ನು ಬಂಧಿಸಬೇಡಿ. ಮೋಟಾರು ಕೂಡ ಬೇರೆಯಾಗಿ ಸಿಗುವ ಭಾಗವೇ, ಅದನ್ನು ಹಾಕಿಸಿ.

ಈ ಗುಂಪಿನಲ್ಲಿ ಇನ್ನೂ ಹಳೆಯ ಕಾರುಗಳನ್ನು ಇಟ್ಟುಕೊಂಡವರಿದ್ದಾರೆ, ಅವರಿಗೆ ಮೇಲಿನ ಕ್ರಮ ಹಾಗೆಯೇ ಅನ್ವಯಿಸುವುದಿಲ್ಲ. ಇ46ಕ್ಕಿಂತ ಹಿಂದಿನ 3 ಸರಣಿಯಾದ ಇ36 ಮಾದರಿಯಲ್ಲಿ ಗಾಜನ್ನು ಹಿಡಿದಿರುವುದು ಹಲ್ಲುಗಳಿರುವ ಒಂದು ಬೀಗದ ಉಂಗುರ. ಕವಚದ ತಳದಲ್ಲಿರುವ ಚಿಕ್ಕ ರಂಧ್ರದಿಂದ ಸ್ಕ್ರೂಡ್ರೈವರ್ ತೂರಿಸಿ ಆ ಉಂಗುರವನ್ನು ಸರಿಸಿದರೆ ಗಾಜು ತಾನಾಗಿ ಬಿಡುತ್ತದೆ, ಎಬ್ಬಿದರೆ ಉಂಗುರವೇ ಮುರಿಯುತ್ತದೆ. 1995ರಿಂದ ಪುಣೆಯಲ್ಲಿ ಜೋಡಣೆಯಾದ ಮರ್ಸಿಡಿಸ್ ಡಬ್ಲ್ಯು124 ಇರುವವರು ಗಾಜಿನ ಆಕಾರವನ್ನು ಮೊದಲು ನೋಡಿ: ಅದರಲ್ಲಿ ಚಾಲಕನ ಬದಿಯ ಕನ್ನಡಿ ಅಗಲ, ಇನ್ನೊಂದು ಬದಿಯದರ ಅಗಲ ಕಡಿಮೆ, ಆಕಾರ ಚೌಕ. ಜರ್ಮನಿಯ ಕಾರಿನ ಎಡಗಾಜು ಅಗಲವಾದದ್ದು, ನಮ್ಮ ಕಾರಿನ ಎಡಕ್ಕೆ ಅದು ಕೂರುವುದೇ ಇಲ್ಲ.

ಕೂರಿಸಿದ ಮೇಲೆ ಗಾಜನ್ನು ನಾಲ್ಕೂ ದಿಕ್ಕಿಗೆ ಪೂರ್ತಿ ಓಡಿಸಿ ನೋಡಿ. ಕೊನೆ ಮುಟ್ಟಿದಾಗ ಬರುವ ಕಟಕಟ ಸದ್ದು ಸಹಜ, ನಡುವೆ ಬಂದರೆ ಚೂರೊಂದು ಸಿಕ್ಕಿಕೊಂಡಿರುತ್ತದೆ. ನಿಮ್ಮ ಕಾರಿನಲ್ಲಿ ಸೀಟಿನ ಮೆಮೊರಿ ಇದ್ದರೆ ರಿವರ್ಸ್ ಗೇರಿನಲ್ಲಿ ಎಡಗನ್ನಡಿ ತಾನಾಗಿ ಕೆಳಕ್ಕೆ ಬಾಗುತ್ತದೆ, ಸ್ವಿಚ್ಚು ಬಲಗನ್ನಡಿಯ ಕಡೆಗಿರುವಾಗ ಅದನ್ನೂ ಪರೀಕ್ಷಿಸಿ. ಬಳಿಕ ಖಾಲಿ ರಸ್ತೆಯಲ್ಲಿ ಸ್ವಲ್ಪ ವೇಗವಾಗಿ ಓಡಿಸಿ. ಬಿಂಬ ನಡುಗಿದರೆ ಒಂದು ಕ್ಲಿಪ್ಪು ಇನ್ನೂ ಕೂತಿಲ್ಲ ಎಂದರ್ಥ, ನಿಲ್ಲಿಸಿ ಮತ್ತೊಮ್ಮೆ ನಡುವೆ ಒತ್ತಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು ಒಣಕಸದವರ ಕೈಗೆ ಬೇರೆಯಾಗಿಯೇ ಕೊಡಿ. ನಿಮ್ಮ ಹಳೆಯ ತಟ್ಟೆಯ ಹಿಂಬದಿಯ ಚಿತ್ರವನ್ನು ಇಲ್ಲಿ ಹಾಕಿದರೆ ಎಷ್ಟು ತಂತಿಗಳಿವೆ ಎಂದು ನೋಡಿ, ಯಾವ ಬಗೆಯ ಗಾಜು ತರಿಸಬೇಕೆಂದು ಹೇಳುತ್ತೇನೆ.